ಹಳೆಯ ಧ್ವನಿ, ಹೊಸ ಅಂಕಿ

ಕಳೆದ ಚಳಿಗಾಲದ ಒಂದು ಭಾನುವಾರ ಅಲಕಾಪುರಿಯಲ್ಲಿರುವ ಮಿತ್ರರೊಬ್ಬರು ನಮ್ಮನ್ನು ಊಟಕ್ಕೆ ಕರೆದಿದ್ದರು. ಊಟದ ನೆಪದಲ್ಲಿ ಬೇರೊಂದು ಸಮಾರಾಧನೆ ಇದೆಯೆಂಬುದು ಬಾಗಿಲು ದಾಟಿದೊಡನೆಯೇ ತಿಳಿಯಿತು. ಹಜಾರದ ಒಂದು ಗೋಡೆಯನ್ನೇ ಆಕ್ರಮಿಸಿಕೊಂಡ ಎರಡು ಸ್ಪೀಕರುಗಳು, ನಡುವೆ ಒಂದು ಆಂಪ್ಲಿಫೈಯರು, ಅದರ ಮೇಲೆ ಬೆಲ್ಲದ ಅಚ್ಚಿನಷ್ಟು ಗಾತ್ರದ ಒಂದು ಪೆಟ್ಟಿಗೆ. ಅಂಕಿಗಳ ರೂಪದಲ್ಲಿರುವ ಸಂಗೀತವನ್ನು ಮತ್ತೆ ನಾದವಾಗಿ ಪರಿವರ್ತಿಸುವುದೇ ಆ ಪೆಟ್ಟಿಗೆಯ ಕೆಲಸ. ಅದರ ಬೆಲೆ ನಮ್ಮ ಒಂದು ತಿಂಗಳ ಸಂಬಳಕ್ಕಿಂತ ಹೆಚ್ಚೆಂದು ತಿಳಿದಾಗ ಮುಟ್ಟಲೂ ಸಂಕೋಚವಾಯಿತು. ಅದರ ಮುಖದ ಮೇಲೆ ಕೆಂಪು ಬೆಳಕಿನಲ್ಲಿ '192' ಎಂದು ಬೆಳಗಿದಾಗ ಮಿತ್ರರ ಮುಖವೂ ಬೆಳಗಿತು. "ಕೇಳಿ ಸ್ವಾಮಿ, ಇದು ಬರಿಯ ಸಿ.ಡಿ. ಅಲ್ಲ, ಹೈ-ರೆಸೊಲ್ಯೂಷನ್. ಮೈಲ್ಸ್ ಡೇವಿಸ್ ಈ ಸೋಫಾದ ಪಕ್ಕದಲ್ಲೇ ನಿಂತು ಟ್ರಂಪೆಟ್ ಊದಿದ ಹಾಗಿದೆ" ಎಂದರು.

ಮೈಲ್ಸ್ ಡೇವಿಸ್ ನಿಜವಾಗಿಯೂ ಚೆನ್ನಾಗಿಯೇ ಊದಿದರು. ಆದರೆ ಆ ಚೆಲುವು 192ಕ್ಕೆ ಸೇರಿದ್ದೋ, ಮೈಲ್ಸ್ ಡೇವಿಸರಿಗೆ ಸೇರಿದ್ದೋ ಎಂಬ ಸಂಶಯ ಊಟದ ಉದ್ದಕ್ಕೂ ನಮ್ಮನ್ನು ಬಿಡಲಿಲ್ಲ. ಈ ಲೇಖನ ಆ ಸಂಶಯದ ಫಲ. ಬರೋಡಾದ ನಮ್ಮ ಕನ್ನಡಿಗರಲ್ಲಿ, ಅದರಲ್ಲೂ ನಿವೃತ್ತಿಗೆ ಸಮೀಪಿಸಿದವರಲ್ಲಿ, ಹಳೆಯ ಜಾಜ್ ಮತ್ತು ರಾಕ್ ಧ್ವನಿಮುದ್ರಿಕೆಗಳನ್ನು ಇಂಥ ಸಲಕರಣೆಗಳಲ್ಲಿ ಕೇಳುವ ಹವ್ಯಾಸ ಈಚೆಗೆ ಬೆಳೆದಿದೆ. ಆದುದರಿಂದ ಈ ವಿಷಯವನ್ನು ಸ್ವಲ್ಪ ಕೂಲಂಕಷವಾಗಿ ಪರಿಶೀಲಿಸುವುದು ಅನುಚಿತವಾಗಲಾರದು.

ಮೊದಲು ಲೆಕ್ಕವನ್ನು ನೋಡೋಣ. ನಾದವೆಂದರೆ ಗಾಳಿಯ ಒತ್ತಡದ ಏರಿಳಿತ. ಆ ಏರಿಳಿತವನ್ನು ಸೆಕೆಂಡಿಗೆ ಇಷ್ಟು ಸಲವೆಂದು ಅಳೆದು, ಪ್ರತಿ ಅಳತೆಯನ್ನೂ ಒಂದು ಸಂಖ್ಯೆಯಾಗಿ ಬರೆದಿಡುವುದೇ ಡಿಜಿಟಲ್ ಧ್ವನಿಮುದ್ರಣ. 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ.ಯಲ್ಲಿ ಸೆಕೆಂಡಿಗೆ 44,100 ಅಳತೆಗಳು, ಪ್ರತಿ ಅಳತೆಗೆ 16 ಬಿಟ್. ಹೈ-ರೆಸೊಲ್ಯೂಷನ್ ಎನಿಸಿಕೊಂಡದ್ದರಲ್ಲಿ ಸಾಮಾನ್ಯವಾಗಿ 96,000 ಅಥವಾ 1,92,000 ಅಳತೆಗಳು, 24 ಬಿಟ್. ಅಳತೆ ಕಡಮೆಯಾದರೆ ನಾದ ಮೆಟ್ಟಿಲು ಮೆಟ್ಟಿಲಾಗಿ ಒರಟಾಗುತ್ತದೆ, ಹೆಚ್ಚಾದರೆ ನುಣುಪಾಗುತ್ತದೆ ಎಂಬ ಚಿತ್ರವನ್ನು ಮಾರುವವರು ತೋರಿಸುತ್ತಾರೆ. ಚಿತ್ರ ಸೊಗಸಾಗಿದೆ, ಆದರೆ ತಪ್ಪು. ನೈಕ್ವಿಸ್ಟ್ ಮತ್ತು ಶ್ಯಾನನ್ ಎಂಬ ವಿಜ್ಞಾನಿಗಳ ಹೆಸರಿನಲ್ಲಿ ಪ್ರಸಿದ್ಧವಾದ ಪ್ರಮೇಯವೊಂದಿದೆ. ನಾದದಲ್ಲಿರುವ ಅತ್ಯಂತ ಮೇಲಿನ ಆವರ್ತನದ ಎರಡರಷ್ಟಕ್ಕಿಂತ ಹೆಚ್ಚು ಸಲ ಅಳೆದರೆ ಸಾಕು, ಮೂಲದ ಅಲೆಯನ್ನು ಮೆಟ್ಟಿಲಿಲ್ಲದೆ ಪೂರ್ಣವಾಗಿ ಮರಳಿ ಪಡೆಯಬಹುದು ಎಂಬುದೇ ಅದರ ಸಾರ. ಮನುಷ್ಯನ ಕಿವಿ ಹೆಚ್ಚೆಂದರೆ ಸೆಕೆಂಡಿಗೆ 20,000 ಕಂಪನಗಳವರೆಗೆ ಕೇಳೀತು. ನಮ್ಮಂತೆ ನಲವತ್ತು ದಾಟಿದವರಿಗೆ ಸಾಮಾನ್ಯವಾಗಿ 15,000ದ ಆಸುಪಾಸಿನಲ್ಲೇ ಮೌನ ಆರಂಭವಾಗುತ್ತದೆ. ಸಿ.ಡಿ. 22,050ರವರೆಗೂ ಹಿಡಿಯಬಲ್ಲುದು. ಇನ್ನು ಬಿಟ್ಟುಗಳ ಮಾತು: ಅವು ನಿರ್ಧರಿಸುವುದು ಅತಿ ಮೆಲ್ಲನೆಯ ಮತ್ತು ಅತಿ ಜೋರಾದ ನಾದಗಳ ನಡುವಣ ಅಂತರವನ್ನು ಮಾತ್ರ. 16 ಬಿಟ್ಟಿಗೆ ಸುಮಾರು 96 ಡೆಸಿಬೆಲ್, 24 ಬಿಟ್ಟಿಗೆ 144. ಆದರೆ 1950 ಮತ್ತು 60ರ ದಶಕಗಳ ಟೇಪು ತನ್ನದೇ ಸುಯ್ಲಿನ ಕಾರಣದಿಂದ ಸುಮಾರು 60ರಿಂದ 70 ಡೆಸಿಬೆಲ್ ದಾಟುತ್ತಿರಲಿಲ್ಲ. ಅರ್ಧ ಸೇರು ಹಾಲನ್ನು ಒಂದು ಸೇರಿನ ಪಾತ್ರೆಯಲ್ಲಿಟ್ಟರೂ ಅಷ್ಟೇ, ಹಂಡೆಯಲ್ಲಿಟ್ಟರೂ ಅಷ್ಟೇ.

ಲೆಕ್ಕದಿಂದ ರಸಿಕರನ್ನು ಒಪ್ಪಿಸಲಾಗದು. ಆದುದರಿಂದ ಮಿತ್ರರ ಮಗಳು ಒಂದು ಪರೀಕ್ಷೆಯನ್ನು ಏರ್ಪಡಿಸಿದಳು. ತಂದೆಯ 192ರ ಮುದ್ರಣವನ್ನೇ ಸಿ.ಡಿ.ಯ ಅಳತೆಗೆ ಇಳಿಸಿ, ಎರಡರ ಸದ್ದಿನ ಮಟ್ಟವನ್ನೂ ಸಮ ಮಾಡಿ, ಪೆಟ್ಟಿಗೆಯ ಮುಖಕ್ಕೆ ಕರವಸ್ತ್ರ ಮುಚ್ಚಿ, ಹತ್ತು ಸಲ ಕೇಳಿಸಿದಳು. ಯಾವುದು ಯಾವುದೆಂದು ನಾವಿಬ್ಬರೂ ಚೀಟಿಯಲ್ಲಿ ಬರೆಯಬೇಕು. ಮಿತ್ರರಿಗೆ ಹತ್ತಕ್ಕೆ ಐದು ಸರಿಬಂತು, ನಮಗೆ ಆರು. ನಾವು ಗೆದ್ದೆವೆಂದು ಹಿಗ್ಗುವಂತಿರಲಿಲ್ಲ. ಏಕೆಂದರೆ ಕಣ್ಣುಮುಚ್ಚಿ ನಾಣ್ಯ ಚಿಮ್ಮಿದರೂ ಹತ್ತಕ್ಕೆ ಆರು ಅಥವಾ ಹೆಚ್ಚು ಸರಿಬರುವ ಸಂಭವ ಶೇಕಡ 38ರಷ್ಟಿದೆ. ಮಿತ್ರರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅವರ ಪರವಾಗಿಯೂ ಹೇಳಬೇಕಾದ ಒಂದು ಮಾತಿದೆ. ಜೋಶುವಾ ರೈಸ್ ಎಂಬ ಸಂಶೋಧಕರು 2016ರಲ್ಲಿ ಇಂಥ 18 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ಕೇಳುಗರು ಶೇಕಡ 52.3ರಷ್ಟು ಸಲ ಸರಿಯಾಗಿ ಗುರುತಿಸಿದ್ದರು. ತರಬೇತಿ ಪಡೆದ ಕಿವಿಗಳು ಇನ್ನೂ ಸ್ವಲ್ಪ ಚೆನ್ನಾಗಿಯೇ ಗುರುತಿಸಿದ್ದವು. ಅಂದರೆ ವ್ಯತ್ಯಾಸ ಶೂನ್ಯವೆಂದು ಹಠ ಹಿಡಿಯಲಾಗದು. ಆದರೆ 50ಕ್ಕೂ 52ಕ್ಕೂ ನಡುವಣ ಆ ಸಂದಿಯಲ್ಲಿ ಮೈಲ್ಸ್ ಡೇವಿಸ್ ಸೋಫಾದ ಪಕ್ಕಕ್ಕೆ ಬಂದು ನಿಲ್ಲಲಾರರು.

ಹಾಗಾದರೆ ಮಿತ್ರರು ತಮ್ಮ ಇಪ್ಪತ್ತೈದು ವರ್ಷಗಳ ಹಿಂದಿನ ಸಿ.ಡಿ.ಗೂ ಹೊಸ ಮುದ್ರಣಕ್ಕೂ ವ್ಯತ್ಯಾಸ ಕೇಳಿಸುತ್ತದೆ ಎಂದದ್ದು ಸುಳ್ಳೇ? ಅಲ್ಲ, ಅದು ನಮಗೂ ಸ್ಪಷ್ಟವಾಗಿ ಕೇಳಿಸಿತು. ಆದರೆ ಅಲ್ಲಿ ಬದಲಾದದ್ದು ಅಂಕಿ ಮಾತ್ರವಲ್ಲ, ಮುದ್ರಣವೇ. ಯಾವ ಟೇಪಿನಿಂದ, ಯಾವ ವೇಗದಲ್ಲಿ, ಯಾರ ಕಿವಿಯಿಂದ ಹಾಯ್ದು ಬಂತು ಎಂಬುದೇ ಮುಖ್ಯ. ವಿಮರ್ಶಕನಾದವನು ತೂಗಬೇಕಾದ್ದು ಇದನ್ನು.

ಮೈಲ್ಸ್ ಡೇವಿಸರ 'ಕೈಂಡ್ ಆಫ್ ಬ್ಲೂ' ಇದಕ್ಕೆ ಉತ್ತಮ ನಿದರ್ಶನ. ನ್ಯೂಯಾರ್ಕಿನ 30ನೆಯ ಬೀದಿಯಲ್ಲಿ, ಹಿಂದೆ ಚರ್ಚಾಗಿದ್ದ ಕಟ್ಟಡದಲ್ಲಿ ಕೊಲಂಬಿಯಾ ಸಂಸ್ಥೆಯ ಸ್ಟುಡಿಯೋ ಇತ್ತು. 1959ರ ಮಾರ್ಚ್ 2 ಮತ್ತು ಏಪ್ರಿಲ್ 22ರಂದು ಅಲ್ಲಿ ಈ ಸಂಗೀತದ ಮುದ್ರಣವಾಯಿತು. ಸ್ಯಾಕ್ಸೊಫೋನಿಗೆ ಜಾನ್ ಕಾಲ್ಟ್ರೇನ್ ಮತ್ತು ಕ್ಯಾನನ್‌ಬಾಲ್ ಆಡರ್ಲಿ, ಪಿಯಾನೋಗೆ ಬಿಲ್ ಎವಾನ್ಸ್, ಒಂದು ರಚನೆಗೆ ಮಾತ್ರ ವಿಂಟನ್ ಕೆಲ್ಲಿ. ನಮ್ಮವರಿಗೆ ಇದರ ಬಾಗಿಲು ಸುಲಭವಾಗಿ ತೆರೆಯುತ್ತದೆ. ಮೊದಲ ರಚನೆ 'ಸೋ ವಾಟ್' ಬಳಸುವ ಸ್ವರಗಳು ನಮ್ಮ ಖರಹರಪ್ರಿಯದ ಸ್ವರಗಳೇ. ಹದಿನಾರು ಪಟ್ಟಿಗಳ ಕಾಲ ಒಂದು ಷಡ್ಜ, ಆಮೇಲೆ ಎಂಟು ಪಟ್ಟಿಗಳ ಕಾಲ ಅದೇ ಸ್ವರಸಮೂಹ ಅರ್ಧಸ್ವರ ಮೇಲೇರುತ್ತದೆ, ಮತ್ತೆ ಮೊದಲಿನ ಮನೆಗೆ ಮರಳುತ್ತದೆ. ನಮ್ಮಲ್ಲಿ ಷಡ್ಜ ಅಲುಗದು. ಅಲ್ಲಿ ಅದು ಎದ್ದು ಒಂದು ಹೆಜ್ಜೆ ನಡೆದು ಬಂದು ಕೂರುತ್ತದೆ. ಈ ಒಂದು ಹೆಜ್ಜೆಯಲ್ಲಿಯೇ ರಸವೆಲ್ಲ ಇದೆ. ಡೇವಿಸ್ ಹೆಚ್ಚು ಸ್ವರಗಳನ್ನು ಊದುವುದಿಲ್ಲ. ಒಳ್ಳೆಯ ಆಲಾಪನೆಯಲ್ಲಿರುವಂತೆ ಎಲ್ಲಿ ನಿಲ್ಲಬೇಕೆಂದು ತಿಳಿದವರು. ಬಳಿಕ ಬರುವ ಕಾಲ್ಟ್ರೇನ್ ಅದೇ ಸ್ವರಗಳನ್ನು ಹಸಿದವನಂತೆ ತಡಕಾಡುತ್ತಾರೆ. ಈ ವೈದೃಶ್ಯವೇ ಕೃತಿಯ ಪ್ರಾಣ.

ಈಗ ಸ್ವಾರಸ್ಯದ ಸಂಗತಿ. ಮಾರ್ಚ್ 2ರಂದು ಮೂಲ ಟೇಪ್ ಯಂತ್ರ ಕೊಂಚ ನಿಧಾನವಾಗಿ ಓಡುತ್ತಿತ್ತು. ನಿಧಾನವಾಗಿ ಮುದ್ರಿಸಿದ್ದನ್ನು ಸರಿಯಾದ ವೇಗದಲ್ಲಿ ನುಡಿಸಿದರೆ ಶ್ರುತಿ ಮೇಲೇರುತ್ತದೆ. ಹೀಗಾಗಿ ಮೊದಲ ಪಕ್ಕದ ಮೂರು ರಚನೆಗಳು ಮೂವತ್ತಕ್ಕೂ ಹೆಚ್ಚು ವರ್ಷ ಲೋಕಕ್ಕೆಲ್ಲ ಶ್ರುತಿ ತಪ್ಪಿಯೇ ಕೇಳಿಸಿದವು. ಅದೇ ದಿನ ಇನ್ನೊಂದು ಯಂತ್ರದಲ್ಲಿ ಸರಿಯಾದ ವೇಗದಲ್ಲಿ ತೆಗೆದಿಟ್ಟ ಪ್ರತಿಯಿಂದ 1990ರ ದಶಕದಲ್ಲಿ ತಪ್ಪನ್ನು ತಿದ್ದಲಾಯಿತು. ಮಿತ್ರರ 192ರಲ್ಲಿ ನಿಜವಾಗಿ ಹಿತವಾದದ್ದು ಈ ತಿದ್ದಿದ ಶ್ರುತಿ. ಅದು ಸಾಧಾರಣ ಸಿ.ಡಿ.ಯಲ್ಲಿಯೂ ಅಷ್ಟೇ ಹಿತವಾಗಿರುತ್ತದೆ. ತಪ್ಪು ಟೇಪಿನಿಂದ ತೆಗೆದರೆ 192ರಲ್ಲಿಯೂ ಅಷ್ಟೇ ಅಹಿತ.

ರಾಕ್ ಸಂಗೀತದಿಂದ ಇನ್ನೊಂದು ನಿದರ್ಶನ. ಬೀಟಲ್ಸರ 'ಸಾರ್ಜೆಂಟ್ ಪೆಪ್ಪರ್' 1967ರಲ್ಲಿ ಲಂಡನ್ನಿನಲ್ಲಿ ನಾಲ್ಕು ಪಥಗಳ ಟೇಪಿನ ಮೇಲೆ ಸಿದ್ಧವಾಯಿತು. ನಾಲ್ಕೂ ತುಂಬಿದಾಗ ಅವನ್ನು ಬೆರೆಸಿ ಇನ್ನೊಂದು ಟೇಪಿನ ಒಂದೆರಡು ಪಥಗಳಿಗೆ ಇಳಿಸಿ, ಉಳಿದ ಜಾಗದಲ್ಲಿ ಹೊಸ ವಾದ್ಯಗಳನ್ನು ಸೇರಿಸುತ್ತಿದ್ದರು. ಪ್ರತಿ ಇಳಿಸುವಿಕೆಯಲ್ಲಿಯೂ ನಾದ ಸ್ವಲ್ಪ ಮಾಸುತ್ತದೆ. ಮೂಲ ನಿರ್ಮಾಪಕ ಜಾರ್ಜ್ ಮಾರ್ಟಿನರ ಮಗ ಜೈಲ್ಸ್ ಮಾರ್ಟಿನ್ 2017ರಲ್ಲಿ ಇಳಿಸುವುದಕ್ಕೆ ಮೊದಲಿನ ಟೇಪುಗಳನ್ನೇ ಹುಡುಕಿ ತೆಗೆದು ಮತ್ತೆ ಬೆರೆಸಿದರು. ಜಾರ್ಜ್ ಹ್ಯಾರಿಸನ್ನರ 'ವಿದಿನ್ ಯು ವಿದೌಟ್ ಯು' ಗೀತೆಯಲ್ಲಿ ಭಾರತೀಯ ವಾದಕರು ನುಡಿಸಿದ ದಿಲ್‌ರುಬಾ, ತಂಬೂರಗಳಿವೆ. ಹಳೆಯ ಮುದ್ರಣದಲ್ಲಿ ದಿಲ್‌ರುಬಾ ಹಾಡಿನ ನೆರಳಿನಂತೆ ಅಂಟಿಕೊಂಡಿರುತ್ತದೆ. ಹೊಸದರಲ್ಲಿ ಬಿಲ್ಲು ತಂತಿಯನ್ನು ಉಜ್ಜುವುದು ಬೇರೆಯಾಗಿ ಕೇಳಿಸುತ್ತದೆ. ಇದು ನಿಜವಾದ ಲಾಭ. ಆದರೆ ಹೊಸ ಬೆರಕೆಯಲ್ಲಿ ತಳದ ನಾದ ಈ ಕಾಲದ ರುಚಿಗೆ ತಕ್ಕಂತೆ ಉಬ್ಬಿದೆಯೆಂದೂ, 1967ರ ಆ ತೆಳ್ಳನೆಯ ವಿಚಿತ್ರ ಬೆಳಕು ಸ್ವಲ್ಪ ಕಳೆದಿದೆಯೆಂದೂ ನಮ್ಮ ಅಭಿಪ್ರಾಯ. ತೊಳೆದ ಚಿತ್ರ ಹೊಳೆಯುತ್ತದೆ. ಆದರೆ ತೊಳೆಯುವಾಗ ಕುಂಚದ ಗುರುತೂ ಹೋಗಬಾರದು.

ತೊಳೆಯುವುದಕ್ಕಿಂತ ಕೆಟ್ಟದ್ದು ಜೋರು ಮಾಡುವುದು. 1990ರ ದಶಕದಿಂದೀಚೆಗೆ ಅನೇಕ ಹಳೆಯ ಧ್ವನಿಮುದ್ರಿಕೆಗಳನ್ನು ಮತ್ತೆ ಹೊರತರುವಾಗ ಮೆಲ್ಲನೆಯ ಭಾಗಗಳನ್ನೆಲ್ಲ ಎತ್ತಿ ಜೋರಾದ ಭಾಗಗಳ ಸಮಕ್ಕೆ ತಂದಿಟ್ಟರು. ನವರಾತ್ರಿಯ ಒಂಬತ್ತು ರಾತ್ರಿ ಗರ್ಬಾ ಮೈದಾನದ ಸ್ಪೀಕರಿನ ಎದುರು ನಿಂತವರಿಗೆ ಇದರ ಪರಿಚಯವಿದೆ: ಹತ್ತನೆಯ ದಿನ ಬೆಳಗ್ಗೆ ಹಕ್ಕಿಯ ದನಿ ಕೇಳಿಸುವುದಿಲ್ಲ. ಹೀಗೆ ಹಿಂಡಿದ ಸಂಗೀತವನ್ನು 24 ಬಿಟ್ಟಿನಲ್ಲಿ ಮಾರಿದರೆ, 144 ಡೆಸಿಬೆಲ್ಲಿನ ಮನೆಯಲ್ಲಿ ಬಾಡಿಗೆದಾರ ಒಂದೇ ಕೋಣೆಯಲ್ಲಿ ಕುಳಿತಂತೆ.

ನಾವು ಈ ಚಳಿಗಾಲದಲ್ಲಿ ಕೇಳಿದವುಗಳಲ್ಲೆಲ್ಲ ಮನಸ್ಸಿಗೆ ಹತ್ತಿರವಾದದ್ದು 192ರಲ್ಲಿ ಇರಲಿಲ್ಲ. ಅದು ಇನ್ನೊಬ್ಬ ಮಿತ್ರರ ಬಳಿ ಇದ್ದ, ಅಂಚಿನಲ್ಲಿ ಗೀರುಬಿದ್ದ ಒಂದು ಎಲ್.ಪಿ. ಟಿ.ಎ.ಎಸ್. ಮಣಿಯವರು 1964ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ 'ಕರ್ನಾಟಕ ಕಾಲೇಜ್ ಆಫ್ ಪರ್ಕಷನ್' ತಂಡವೂ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೋ ಅವರೂ ಕೂಡಿ ನುಡಿಸಿದ 'ಜ್ಯೋತಿ' ಅದು. 1983ರಲ್ಲಿ ಜರ್ಮನಿಯ ಇ.ಸಿ.ಎಂ. ಸಂಸ್ಥೆ ಹೊರತಂದದ್ದು. ಮರಿಯಾನೋ ಸಾಮಾನ್ಯರಲ್ಲ, ಚಾರ್ಲ್ಸ್ ಮಿಂಗಸರ 1963ರ ಪ್ರಸಿದ್ಧ ಧ್ವನಿಮುದ್ರಿಕೆಯಲ್ಲಿ ನುಡಿಸಿದವರು, ನಮ್ಮ ನಾದಸ್ವರವನ್ನೂ ಕಲಿತವರು. ಮೊದಲಿಗೇ ಆರ್.ಎ. ರಮಾಮಣಿಯವರ ಒಂಟಿ ಕಂಠ. ಅದರ ಸುತ್ತ ಇರುವ ಮೌನವೇ ಅರ್ಧ ಸಂಗೀತ. ಆಮೇಲೆ ಮೃದಂಗ, ಘಟ, ಖಂಜಿರ, ಕೊನ್ನಕ್ಕೋಲು ಬರುತ್ತವೆ. ಜಾಜ್ ಎಂದೊಡನೆ ನಾವು ನಿರೀಕ್ಷಿಸುವ ಡ್ರಮ್ಮೂ ಇಲ್ಲ, ಪಿಯಾನೋವೂ ಇಲ್ಲ. ಮರಿಯಾನೋ ಅತಿಥಿಯ ಮರ್ಯಾದೆಯಿಂದ ಒಳಗೆ ಬಂದು, ಗಮಕವನ್ನು ಅನುಕರಿಸಲು ಹೋಗದೆ, ತಮ್ಮ ಜಾರುಸ್ವರದಲ್ಲಿಯೇ ಉತ್ತರ ಕೊಡುತ್ತಾರೆ. ದೋಷವೂ ಇದೆ. ಆ ಸಂಸ್ಥೆಗೆ ಪ್ರಿಯವಾದ ಅನುರಣನದಲ್ಲಿ ಘಟದ ಮಣ್ಣಿನ ಒರಟುತನ ಸ್ವಲ್ಪ ಕರಗಿದೆ. ಕೆಲವೆಡೆ ಲಯವಾದ್ಯಗಳು ಅತಿಯಾದ ಸೌಜನ್ಯ ತೋರಿಸುತ್ತವೆ. ಆದರೂ ಬೆಂಗಳೂರಿನವರು ಜಾಜಿಗೆ ತಾಳ ಹಾಕಲು ಹೋಗದೆ, ಜಾಜೇ ಅವರ ತಾಳಕ್ಕೆ ಬಂದು ಕೂತ ಅಪರೂಪದ ಕೃತಿ ಇದು. ಗೀರಿನ ಟಿಕ್ ಟಿಕ್ ಸದ್ದು ಎರಡನೆಯ ನಿಮಿಷಕ್ಕೆ ನಮಗೆ ಮರೆತುಹೋಗಿತ್ತು.

ಗೀರಿನ ಸದ್ದನ್ನು ಮರೆಯಲು ಕಿವಿಗೆ ಗೊತ್ತು; ಯಂತ್ರಕ್ಕೆ ಅದನ್ನು ಅಳಿಸಲು ಮಾತ್ರ ಗೊತ್ತು. ಈ ಮಾತು ನಮ್ಮ ಊರಿಗೇ ಹತ್ತಿರದ್ದು. ಬರೋಡಾ ಆಸ್ಥಾನದ ಉಸ್ತಾದ್ ಫೈಯಾಜ್ ಖಾನರು 1950ರಲ್ಲಿ ಇಲ್ಲಿಯೇ ತೀರಿಕೊಂಡರು. ಅವರಿಗೆ 'ಆಫ್ತಾಬ್-ಎ-ಮೌಸಿಕಿ' ಎಂಬ ಬಿರುದು ಬಂದದ್ದು ನಮ್ಮ ಮೈಸೂರು ಅರಮನೆಯಿಂದ ಎಂಬುದು ಕನ್ನಡಿಗರು ಹೆಮ್ಮೆಪಡತಕ್ಕ ಸಂಗತಿ. ಅವರ 78 ವೇಗದ ತಟ್ಟೆಗಳಲ್ಲಿ ಒಂದು ಪಕ್ಕಕ್ಕೆ ಮೂರು ನಿಮಿಷ ಚಿಲ್ಲರೆ ಮಾತ್ರ ಜಾಗ, ಸುಯ್ಲು ಧಾರಾಳ. ಇಂಥ ತಟ್ಟೆಗಳ ಸುಯ್ಲನ್ನು ಕಂಪ್ಯೂಟರಿನಲ್ಲಿ ಪೂರ್ತಿ ಒರೆಸಿದ ಪ್ರತಿಗಳು ಈಗ ಓಡಾಡುತ್ತಿವೆ. ಒರೆಸಿದಾಗ ಸುಯ್ಲಿನ ಜತೆಗೆ ಉಸ್ತಾದರ ಉಸಿರೂ, ನೋಮ್-ತೋಮ್ ಆಲಾಪದ ವ್ಯಂಜನಗಳ ಮೊನೆಯೂ ಹೋಗಿ, ಆ ಘನವಾದ ಕಂಠ ಕಂಬಳಿಯೊಳಗಿಂದ ಬಂದಂತಾಗುತ್ತದೆ. ನಮಗೆ ಸುಯ್ಲಿರುವ ಖಾನಸಾಹೇಬರೇ ಸಾಕು.

ಹಾಗಿದ್ದರೆ 24 ಬಿಟ್, 96,000 ಅಳತೆ ಎಂಬುದೆಲ್ಲ ವ್ಯರ್ಥವೇ? ಅಲ್ಲ. ಅದಕ್ಕೆ ತಕ್ಕ ಸ್ಥಾನ ಬೇರೆ. ಅದನ್ನು ನಾವು ಕಲಿತದ್ದು ಒಂದು ದುಃಖದ ಸಂದರ್ಭದಲ್ಲಿ.

2024ರ ಆಗಸ್ಟಿನಲ್ಲಿ ವಿಶ್ವಾಮಿತ್ರಿ ನದಿ 25 ಅಡಿಯ ಅಪಾಯದ ಮಟ್ಟವನ್ನು ದಾಟಿ 35 ಅಡಿಗೂ ಮೇಲೇರಿದ್ದನ್ನು ಓದುಗರು ಮರೆತಿರಲಾರರು. ನದಿಗೆ ಹತ್ತಿರದ ಬಡಾವಣೆಯೊಂದರಲ್ಲಿ ನೆಲಮಹಡಿಯಲ್ಲಿರುವ ನಮ್ಮ ಹಿರಿಯರೊಬ್ಬರ ಮನೆಗೂ ನೀರು ನುಗ್ಗಿತು. ಕಪಾಟಿನ ಕೆಳಗಿನ ಅರೆಯಲ್ಲಿ ಅವರ ಕ್ಯಾಸೆಟ್ಟುಗಳಿದ್ದವು: 1980ರ ದಶಕದಲ್ಲಿ ಟು-ಇನ್-ಒನ್ ಯಂತ್ರದಲ್ಲಿ ಅವರೇ ತೆಗೆದ ರಾಜ್ಯೋತ್ಸವದ ಹಾಡುಗಳು, ಮನೆಯ ಭಜನೆಗಳು. ನೀರು ಇಳಿದ ಮೇಲೆ ಕೆಸರು ತೊಳೆದು, ನೆರಳಿನಲ್ಲಿ ಒಣಗಿಸಿ, ಹೊಸ ಡಬ್ಬಿಗಳಿಗೆ ಟೇಪು ಸುತ್ತಿದೆವು. ಹೆಚ್ಚಿನವು ಕೈಗೆ ಬರಲಿಲ್ಲ. ಒಂದು ಮಾತ್ರ ಅರ್ಧ ಗಂಟೆ ಓಡಿತು. ಅದರಲ್ಲಿ ರಾಯರ ಪತ್ನಿ ದಾಸರ ಪದಗಳನ್ನು ಹಾಡಿದ್ದರು. ಅವರು ತೀರಿಕೊಂಡು ಈಗ ಹಲವು ವರ್ಷಗಳಾಗಿವೆ. ಹಿನ್ನೆಲೆಯಲ್ಲಿ ಕುಕ್ಕರಿನ ಸೀಟಿ, ತರಕಾರಿಯವನ ಗುಜರಾತಿ ಕೂಗು.

ರಾಯರು ಕೇಳಿ, "ಹಾಡು ಅವಳದೇ, ಆದರೆ ದನಿ ಅವಳದಲ್ಲವಲ್ಲ" ಎಂದರು. ನಮಗೂ ಯಾರೋ ಎಳೆಯ ಹುಡುಗಿ ಹಾಡಿದಂತಿತ್ತು. ಆಗ ಹೊಳೆಯಿತು. ಮನೆಯಲ್ಲಿ ತೆಗೆದ ಮುದ್ರಣಗಳಲ್ಲಿ ವಿದ್ಯುತ್ತಿನ ಸಣ್ಣ ಗುಂಯ್‌ಗುಡುವಿಕೆ ಸೇರಿರುತ್ತದೆ; ನಮ್ಮ ದೇಶದಲ್ಲಿ ಅದು ಸೆಕೆಂಡಿಗೆ 50ರ ಆಸುಪಾಸಿನಲ್ಲಿರಬೇಕು. ಅಳೆದು ನೋಡಿದರೆ 52 ಬಂತು. ಎಂದರೆ ಟೇಪು ಶೇಕಡ 4ರಷ್ಟು ವೇಗವಾಗಿ ಓಡುತ್ತಿತ್ತು, ಶ್ರುತಿ ಅರ್ಧಸ್ವರದ ಸುಮಾರು ಮೂರನೆಯ ಎರಡು ಭಾಗದಷ್ಟು ಮೇಲೇರಿತ್ತು. ಮೈಲ್ಸ್ ಡೇವಿಸರ ಕಥೆಯೇ ನಮ್ಮ ರಾಯರ ಮನೆಯಲ್ಲಿಯೂ! 24 ಬಿಟ್, 96,000ದಲ್ಲಿ ತೆಗೆದುಕೊಂಡಿದ್ದ ಪ್ರತಿಯ ವೇಗವನ್ನು ಅಷ್ಟು ಇಳಿಸಿ ಮತ್ತೆ ಕೇಳಿಸಿದೆವು. ರಾಯರು ಎರಡು ಸಾಲು ಕೇಳಿ, "ಈಗ ಅವಳು" ಎಂದರು. ಆಮೇಲೆ ಯಾರೂ ಮಾತಾಡಲಿಲ್ಲ.

ಹೀಗೆ ತಿದ್ದುವಾಗಲೇ ಹೆಚ್ಚಿನ ಅಂಕಿಗಳು ಕೆಲಸಕ್ಕೆ ಬರುವುದು. ಸದ್ದಿನ ಮಟ್ಟ ಎಷ್ಟೆಂದು ಮೊದಲೇ ತಿಳಿಯದ ಹಳೆಯ ಟೇಪನ್ನು 24 ಬಿಟ್ಟಿನಲ್ಲಿ ಧಾರಾಳವಾಗಿ ಜಾಗಬಿಟ್ಟು ಹಿಡಿಯಬಹುದು. ವೇಗ, ಮಟ್ಟಗಳನ್ನು ಬದಲಿಸುವಾಗಿನ ಲೆಕ್ಕದ ಚೂರುಪಾರು ತಪ್ಪುಗಳು ಕಿವಿಗೆ ಎಟಕದಷ್ಟು ಕೆಳಗೇ ಉಳಿಯುತ್ತವೆ. ಧ್ವನಿ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘವೂ ಕನಿಷ್ಠ 48,000 ಅಳತೆ, 24 ಬಿಟ್ ಇರಬೇಕೆಂದೇ ಹೇಳಿದೆ. ಹೆಚ್ಚಿನ ಅಂಕಿಯ ನೆಲೆ ಉಗ್ರಾಣ. ಕೇಳುವ ಹಜಾರಕ್ಕೆ ಸಿ.ಡಿ.ಯ ಅಳತೆಯೇ ಬೇಕಾದಷ್ಟಾಯಿತು.

ಇಲ್ಲಿ ಮೈಸೂರಿನ ಜಯಚಾಮರಾಜ ಒಡೆಯರ ನೆನಪಾಗುತ್ತದೆ. 1940ರ ದಶಕದಲ್ಲಿ ಅವರು ಲಂಡನ್ನಿನಲ್ಲಿ ಬಡತನ, ಅನಾರೋಗ್ಯಗಳಲ್ಲಿದ್ದ ರಷ್ಯನ್ ಸಂಗೀತಗಾರ ನಿಕೊಲಾಯ್ ಮೆಡ್ಟ್ನರರ ಕೃತಿಗಳನ್ನು ಮುದ್ರಿಸಲೆಂದು ಒಂದು ಸೊಸೈಟಿಯನ್ನೇ ಸ್ಥಾಪಿಸಿ ಹಣ ಒದಗಿಸಿದರು. 1951ರಲ್ಲಿ ತೀರಿಕೊಳ್ಳುವ ಮೊದಲು ಮೆಡ್ಟ್ನರ್ ತಮ್ಮ ಮೂರು ಪಿಯಾನೋ ಕಂಚೆರ್ಟೋಗಳನ್ನೂ ಸ್ವತಃ ನುಡಿಸಿ ಹೋದರು; ಮೂರನೆಯದನ್ನು ಮಹಾರಾಜರಿಗೇ ಅರ್ಪಿಸಿದರು. ಮಹಾರಾಜರು ಒಳ್ಳೆಯ ಗ್ರಾಮಫೋನನ್ನು ಕೊಳ್ಳಲು ಅಶಕ್ತರಾಗಿರಲಿಲ್ಲ. ಆದರೆ ಅವರ ಹಣ ಕೇಳುವ ಯಂತ್ರಕ್ಕಷ್ಟೇ ಹೋಗದೆ, ಕೇಳಬೇಕಾದ್ದು ಉಳಿಯುವಂತೆ ಮಾಡುವುದಕ್ಕೂ ಹೋಯಿತು.

ನಮಗೆ ಅರಮನೆಯ ಬೊಕ್ಕಸವಿಲ್ಲ. ಬೇಕಾದ್ದು ಕೆಟ್ಟಿರದ ಒಂದು ಕ್ಯಾಸೆಟ್ ಡೆಕ್ಕು, ಕೆಲವೇ ಸಾವಿರದ ಒಂದು ಧ್ವನಿಮುದ್ರಣದ ಪೆಟ್ಟಿಗೆ, ಭಾನುವಾರಗಳ ಬಿಡುವು. ಅಲಕಾಪುರಿಯ ಮಿತ್ರರು ತಮ್ಮ ಹಳೆಯ ಡೆಕ್ಕನ್ನು ಕೊಡಲು ಒಪ್ಪಿದ್ದಾರೆ. ಅವರ ಮಗಳು ಕೆಲಸ ಕಲಿಸಲು ಒಪ್ಪಿದ್ದಾಳೆ. ಸದಸ್ಯರು ತಮ್ಮ ಮನೆಯ ಕಪಾಟಿನ ಕೆಳಗಿನ ಅರೆಯನ್ನು ಒಮ್ಮೆ ನೋಡಬೇಕು. ಹೆಸರಿಲ್ಲದ ಕ್ಯಾಸೆಟ್ಟುಗಳಿದ್ದರೆ ಎಸೆಯದೆ ಸಂಘಕ್ಕೆ ತಿಳಿಸಬೇಕು. ಮುಂದಿನ ಮಳೆಗಾಲ ಬರುವುದರೊಳಗೆ ಆಗಬೇಕಾದ ಕೆಲಸ ಇದು. ಮೈಲ್ಸ್ ಡೇವಿಸರನ್ನು ಕಾಯಲು ನ್ಯೂಯಾರ್ಕಿನಲ್ಲಿ ಜನರಿದ್ದಾರೆ. ರಾಯರ ಪತ್ನಿಯ ಹಾಡನ್ನು ಕಾಯಲು ನಾವೇ ಇರಬೇಕು.